ಮಲಗೋ ಜಾತಿಯ ತುಂಬೆ

ಒಂದಾನೊಂದು ಕಾಲದಲ್ಲಿ, ಸೂರ್ಯ ಇನ್ನೂ ಕೋಳಿಯ ಅಪ್ಪಣೆ ಕೇಳಿಕೊಂಡು ಏಳುತ್ತಿದ್ದ ಕಾಲದಲ್ಲಿ, ಒಂದು ಕಲ್ಲುಬೆಟ್ಟದ ಬುಡದಲ್ಲಿ ಚೌಡವ್ವ ಅಂತ ಒಬ್ಬಳು ಇದ್ದಳಂತೆ. ಹೂಂ ಅನ್ನಬೇಕು ಮಗ, ಹೂಂ ಅನ್ನದಿದ್ದರೆ ಕತೆ ದಾರಿ ತಪ್ಪುತ್ತೆ. ಹಾಂ. ಆ ಚೌಡವ್ವ ಬಲು ನೇಮದ ಹೆಂಗಸು. ರಂಗೋಲಿ ಎಳೆ ಸೊಟ್ಟಗಾದರೆ ಅಳಿಸಿ ಮತ್ತೆ ಎಳೆಯೋಳು, ಆಡಿದ ಮಾತು ತನಗೇ ತಿರುಗಿಬಿದ್ದರೂ ಹಿಂದಕ್ಕೆ ತಗೊಳ್ಳೋಳಲ್ಲ. ಅವಳಿಗೆ ಮೂರು ಗಂಡುಮಕ್ಕಳು. ಮೂವರಿಗೂ ಒಂದೇ ಚಪ್ಪರದಲ್ಲಿ ಮದುವೆ ಮಾಡಿ, ಮೂವರು ಸೊಸೆಯರನ್ನೂ ಒಂದೇ ದಿನ ಮನೆ ತುಂಬಿಸಿಕೊಂಡಳಂತೆ.

ಆ ಮನೆಯಲ್ಲಿ ಒಂದು ಪದ್ಧತಿ. ಸೊಸೆಯಾಗಿ ಬರುವವಳು ತವರಿಂದ ಒಂದು ಗಿಡ ತಂದು ಹಿತ್ತಲಲ್ಲಿ ನೆಡಬೇಕು. ಮೊದಲ ಯುಗಾದಿಯ ದಿನ ಅತ್ತೆ ಬಂದು ಬುಡ ಹಿಡಿದು ಎಳೀತಾಳೆ. ಬೇರು ಹಿಡಿದಿದ್ದರೆ ಸೊಸೆಗೆ ಒಲೆಯ ಮುಂದೆ ಒಂದು ಮಣೆ. ಬೇರುಸಮೇತ ಕಿತ್ತು ಬಂತೋ, ಮಣ್ಣು ಒಪ್ಪಲಿಲ್ಲ ಕಣವ್ವಾ ಅಂತ ಮಡಿಲಿಗೆ ಅಕ್ಕಿ ಹಾಕಿ ತವರಿಗೆ ಕಳಿಸಿಬಿಡೋದು.

ದೊಡ್ಡ ಸೊಸೆ ಮಲ್ಲಿಗೆ ಬಳ್ಳಿ ತಂದಳಂತೆ, ನಡುವಿನವಳು ಬಾಳೆಕಂದು ತಂದಳಂತೆ. ಕಿರಿಯವಳು ಕೆಂಚಿ. ಅವಳಿಗೆ ಅಪ್ಪ ಇಲ್ಲ, ಅವ್ವ ಇಲ್ಲ, ಜೇನು ಕೀಳೋ ಸೋದರಮಾವ ಬೆಟ್ಟದ ಗವಿಯಲ್ಲಿಟ್ಟುಕೊಂಡು ಸಾಕಿದ್ದ. ಗವಿಗೆ ಹಿತ್ತಲೆಲ್ಲಿಂದ ಬರಬೇಕು? ಅವಳು ಹೊರಡೋ ದಿನ ಮಾವ ಬಂಡೆ ಸಂದಿಯಿಂದ ಬೆಟ್ಟದ ತುಂಬೆಯ ಒಂದು ಬುಡ ಅಗೆದು ಕೊಟ್ಟನಂತೆ. ತಗೋ ಕೂಸೇ, ನಾನು ನಿನಗೆ ತಿನ್ನಿಸಿದ ಜೇನೆಲ್ಲ ಇದರ ಹೂವಿನದೇ, ಬೇಸಗೇಲಿ ಇದನ್ನ ನೋಡಿ ಅಳಬೇಡ, ಇದು ಮಲಗೋ ಜಾತಿ, ಅಂದನಂತೆ. ಆಮೇಲೆ ಅವನು ಜೇನುಹುಳದ ಹಿಂದೆ ಏಳು ಬೆಟ್ಟದಾಚೆ ಹೊರಟೇ ಹೋದ. ಕೆಂಚಿಗೆ ತಿರುಗಿ ಹೋಗೋಣ ಅಂದರೆ ಆ ಗವಿಯೂ ಖಾಲಿ.

ದೊಡ್ಡಾಕೆ ಗಿಡ ನೋಡಿ ನಕ್ಕಳಂತೆ. ಅಯ್ಯೋ ತಂಗೀ, ಹೊಲದಲ್ಲಿ ಕಿತ್ತು ಬಿಸಾಡೋ ಕಳೇನ ಮಡಿಲಲ್ಲಿ ಕಟ್ಟಿಕೊಂಡು ಬಂದೆಯಾ? ನಡುವಿನಾಕೆ, ನೋಡ್ತಿರಕ್ಕ, ನಾಳೆ ಗಂಡನಿಗೂ ಹುಲ್ಲೇ ಬಡಿಸ್ತಾಳೆ, ಅಂದಳಂತೆ. ಕೆಂಚಿ ಬಿಡ್ತಾಳಾ? ಹುಲ್ಲು ತಿನ್ನೋರನ್ನ ನೀವಿಬ್ಬರು ಮೊದಲೇ ಆರಿಸಿಕೊಂಡಿರಲ್ಲಕ್ಕ, ನನಗೆ ರೊಟ್ಟಿ ತಿನ್ನೋನೇ ಉಳಿದ, ಅಂದಳಂತೆ. ಮೂವರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಆಮೇಲೆ ಮಳೆ ಬಂತು. ತುಂಬೆ ಮೈತುಂಬ ಹೂ ಬಿಟ್ಟಿತಂತೆ, ಹಸಿರು ಗುಂಡಿನ ಸುತ್ತ ನೆನೆಸಿದ ಅಕ್ಕಿ ಸಿಕ್ಕಿಸಿದ ಹಾಗೆ. ಹಿತ್ತಲ ತುಂಬ ಜೇನುಹುಳದ ಗುಂಯ್. ಚೌಡವ್ವ ಒಂದು ಹಿಡಿ ಕುಯ್ದುಕೊಂಡು ಹೋಗಿ ಈಶ್ವರನ ತಲೆ ಮೇಲಿಟ್ಟಳಂತೆ. ಅಷ್ಟರಲ್ಲಿ ಮಲ್ಲಿಗೆಯ ಎಲೆ ಹಳದಿ ಆಯಿತು, ಬಾಳೆ ಸೊರಗಿತು. ಅಕ್ಕಂದಿರು ಕೆಟ್ಟವರಲ್ಲ ಮಗ, ಹೆದರಿದವರು. ಅತ್ತೆಯ ಕಣ್ಣು ಕಿರಿಯವಳ ಮೇಲೆ ಬಿದ್ದರೆ ನಾವು ಬಚಾವು ಅಂತ ಲೆಕ್ಕ ಹಾಕಿದರು.

ಹಾಗಾಗಿ ನಡುವಿನಾಕೆ ಮರೆತವಳ ಹಾಗೆ ಹಿತ್ತಲ ಬಾಗಿಲ ಪಡಿ ತೆರೆದಿಟ್ಟಳಂತೆ, ಆಡು ಬಂದು ತುಂಬೆಯನ್ನ ನೆಲಮಟ್ಟ ಮೇಯ್ದು ಹೋಯಿತಂತೆ. ಕೆಂಚಿ ಮುಳ್ಳುಕಂಟಿ ಮುಚ್ಚಿದಳು, ಬುಡದಿಂದ ಮತ್ತೆ ಚಿಗುರು ಬಂತು. ಆಮೇಲೆ ದೊಡ್ಡಾಕೆ ಒಲೆಯ ಬಿಸಿ ಬೂದಿ ತಂದು ಅದರ ಮೇಲೇ ಸುರಿದಳಂತೆ. ಚಿಗುರು ಸುಟ್ಟುಹೋಯಿತು. ಕೆಂಚಿ ಬೂದಿ ಕೆದಕಿದಳು, ಪಕ್ಕದಿಂದ ಇನ್ನೊಂದು ಚಿಗುರು ಇಣುಕಿತು. ಮೂರನೇದು ಬೇಸಗೆ. ಅದನ್ನ ಯಾರೂ ಕರೆತರಬೇಕಾಗಿಲ್ಲ, ತಾನೇ ಬರುತ್ತೆ. ಬಾವಿಯ ನೀರು ತಳ ಸೇರಿತು. ದಿನಕ್ಕೆ ಗಿಡಕ್ಕೊಂದು ಚೊಂಬು ನೀರು, ಹೆಚ್ಚು ಮುಟ್ಟಿದರೆ ನೋಡಿ, ಅಂದಳು ಚೌಡವ್ವ. ತುಂಬೆ ಒಣಗಿ ಕಡ್ಡಿಯಾಯಿತು.

ಕೆಂಚಿ ದಿನಾ ಆ ಕಡ್ಡಿ ಸವರಿ ನೋಡೋಳಂತೆ. ಮಲಗಿದೆ, ಮಲಗಿದೆ, ಅಂತ ತನಗೆ ತಾನೇ ಹೇಳಿಕೊಳ್ಳೋಳು. ಆದರೆ ಮಾವ ಹೇಳಿದ್ದು ತನ್ನ ಕಿವೀಲಿ ತಾನೇ, ಅತ್ತೆಯ ಕಿವೀಲಿ ಅಲ್ಲವಲ್ಲ? ಒಂದು ದಿನ ಧೈರ್ಯ ಮಾಡಿ, ಅತ್ತೇ, ಮೊದಲ ಮಳೆವರೆಗೂ ತಡೀರಿ, ಅಂದಳಂತೆ. ಯುಗಾದಿ ಅಂದರೆ ಯುಗಾದಿ, ಮಳೆ ನನ್ನ ಕೇಳಿ ಬರಲ್ಲ, ನಾನು ಮಳೆ ಕೇಳಿ ನೇಮ ಮಾಡಿಲ್ಲ, ಅಂದುಬಿಟ್ಟಳು ಚೌಡವ್ವ.

ಯುಗಾದಿ ಬಂತು. ಎಣ್ಣೆನೀರು ಆಯಿತು, ಬೇವುಬೆಲ್ಲ ಆಯಿತು. ಚೌಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ಬಂದಳಂತೆ. ಮಲ್ಲಿಗೆ ಎಳೆದಳು, ಬರಲಿಲ್ಲ. ಬಾಳೆ ಅಲ್ಲಾಡಿಸಿದಳು, ಜಗ್ಗಲಿಲ್ಲ. ಆದರೆ ಅವಳು ಬಿಡೋ ಪೈಕಿಯೇ? ಮಣ್ಣು ಚಿವುಟಿ ನೋಡಿ ಹುಬ್ಬು ಗಂಟಿಕ್ಕಿದಳು. ಒಂದು ಚೊಂಬಿಗೆ ಇಷ್ಟು ಹಸಿ ಉಳಿಯಲ್ಲವಲ್ಲೇ? ಕದ್ದು ಹಾಕಿದಿರಾ? ಅಕ್ಕಂದಿರಿಬ್ಬರೂ ನಮ್ಮಾಣೆ ಇಲ್ಲ ಅತ್ತೇ ಅಂದರು. ಆಮೇಲೆ ತುಂಬೆಯ ಬುಡ ಮುಟ್ಟಿದಳು. ಬರೀ ಧೂಳು. ನಿನ್ನ ಚೊಂಬಿನ ನೀರು ಏನಾಯಿತೇ ಕೆಂಚಿ?

ಕೆಂಚಿ ತಲೆ ತಗ್ಗಿಸಿ ಹೇಳಿದಳಂತೆ. ಒಂದು ದಿನ ಮಲ್ಲಿಗೆಗೆ, ಒಂದು ದಿನ ಬಾಳೆಗೆ ಹಾಕಿದೆ ಅತ್ತೇ. ಅವು ಎಚ್ಚರಿದ್ದವು, ಬಾಯಾರಿದ್ದವು. ನನ್ನದು ಮಲಗಿತ್ತು. ಮಲಗಿರೋರಿಗೆ ಯಾರಾದರೂ ನೀರು ಕುಡಿಸ್ತಾರಾ?

ದೊಡ್ಡಾಕೆಯ ಮುಖ ಸುಣ್ಣದ ಹಾಗಾಯಿತು. ಚೌಡವ್ವನ ಕೈ ಒಂದು ಗಳಿಗೆ ತಡೆಯಿತು. ಆದರೂ ನೇಮ ನೇಮವೇ. ಬಗ್ಗಿ ಎಳೆದಳಂತೆ. ಕಡ್ಡಿ ಲಟಕ್ ಅಂತ ಮುರಿದು ಕೈಗೆ ಬಂತು, ಬೇರು ಬರಲಿಲ್ಲ. ಮೋಟು ಹಿಡಿದು ಎಳೆದಳು, ಮೋಟೂ ಮುರೀತು, ಬೇರು ಬರಲಿಲ್ಲ. ಮೂರನೇ ಸಲ ಬೆರಳನ್ನ ಮಣ್ಣೊಳಗಿಳಿಸಿ, ಕಾಲನ್ನ ಕಲ್ಲಿಗೊತ್ತಿ ಜಗ್ಗಿದಳಂತೆ. ಮಣ್ಣು ಎಗರಿತು, ಚೌಡವ್ವ ದೊಪ್ಪಂತ ಕುಂಡಿ ಮೇಲೆ ಬಿದ್ದಳು, ಬೇರು ಮಾತ್ರ ಬರಲೇ ಇಲ್ಲ. ಕೆದರಿದ ಮಣ್ಣಲ್ಲಿ ನೋಡಿದರೆ, ಬೇರಿನ ನೆತ್ತಿಯ ಮೇಲೆ ಅಕ್ಕಿ ನುಚ್ಚಿನಷ್ಟು ಬೆಳ್ಳಗೆ ಒಂದು ಮೊಳಕೆ.

ಯಾರೂ ನಗಲಿಲ್ಲ. ಚೌಡವ್ವ ಬಿದ್ದಲ್ಲೇ ಕೂತು ಬೆರಳಲ್ಲಿ ಮಣ್ಣು ಎಳೆದು ಮೊಳಕೆಗೆ ಹೊದಿಸಿದಳಂತೆ. ಕಿತ್ತು ಬಂದರೆ ಹೋಗಬೇಕು ಅಂತ ನೇಮ. ಬರಲಿಲ್ಲ. ಏನ್ರೇ ನೋಡ್ತೀರಿ, ಒಲೆ ಮುಂದೆ ಮಣೆ ಹಾಕ್ರೇ ಇವಳಿಗೆ, ಅಂದಳು.

ದೊಡ್ಡಾಕೆ ಮಣೆ ಹಾಕುತ್ತಾ ಕಣ್ಣೀರು ಹಾಕಿದಳಂತೆ. ತಂಗೀ, ಬೂದಿ ಸುರಿದೋಳು ನಾನೇ ಕಣೇ. ಕೆಂಚಿ, ಗೊತ್ತಿತ್ತಕ್ಕ, ಒಳ್ಳೇ ಗೊಬ್ಬರ ಆಯಿತು ಬಿಡು, ಅಂದಳಂತೆ. ನಡುವಿನಾಕೆ ಬಾಗಿಲ ಹಿಂದಿನಿಂದ, ಆಡು ಬಿಟ್ಟೋಳು ನಾನು, ಅದಕ್ಕೇನಂತೀ? ಅಂದಳು. ಅದಕ್ಕೆ ಹೋಳಿಗೆ ನೀನೇ ತಟ್ಟಬೇಕು ಅಂತೀನಿ, ಅಂದಳು ಕೆಂಚಿ.

ಆಮೇಲೆ ಮಳೆ ಬಂತಂತೆ, ಹಿತ್ತಲ ತುಂಬ ತುಂಬೆ ಎದ್ದಿತಂತೆ, ಜೇನುಹುಳದ ಹಿಂದೆ ಸೋದರಮಾವನೂ ಬಂದನಂತೆ. ಚೌಡವ್ವ ನೇಮ ಬಿಡಲಿಲ್ಲ, ತಿದ್ದಿದಳು ಅಷ್ಟೇ. ಆ ಮನೆಯಲ್ಲಿ ಅವತ್ತಿನಿಂದ ಮೊದಲ ಮಳೆ ಬೀಳೋವರೆಗೂ ಯಾವ ಗಿಡವನ್ನೂ ಸತ್ತಿತು ಅನ್ನೋ ಹಾಗಿಲ್ಲ. ಎಲ್ಲರೂ ಒಂದೇ ಒಲೆಯ ಅಡುಗೆ ಉಂಡುಕೊಂಡು ಸುಖವಾಗಿದ್ದರಂತೆ.

ಹೂಂ ಅನ್ನು ಮಗ. ಏ ಮಗ... ಮಲಗಿತಾ? ಮಲಗಲಿ ಬಿಡು. ಮಲಗಿರೋದನ್ನ ಜಗ್ಗಬಾರದು. ಕತೆ ಮುಗೀತು, ಬೇರು ಉಳೀತು.