ಚಂದವೆನ್ನಬಾರದ ಹಾಡು

"ಗುರುಗಳೇ, ಸತ್ತ ಮೇಲೆ ಬರುವ ಹೆಸರಿನಿಂದ ಹಾಡಿದವರಿಗೆ ಏನು ಸಿಕ್ಕಂತಾಯಿತು?" ಎಂದು ಶಿಷ್ಯ ಕೇಳಿದ.

ಅವನ ಕಂಠ ಒಳ್ಳೆಯದು. ಹಿಂದಿನ ಸಂಜೆಯ ಭಜನೆಯಲ್ಲಿ ಮನಸ್ಸಿಟ್ಟು ಹಾಡಿದ್ದ. ಯಾರೂ ತಲೆದೂಗಿರಲಿಲ್ಲ. ಗುರುಗಳು ಅವನ ಊದಿದ ಮುಖ ನೋಡಿ ನಕ್ಕು, ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಹೂವಕ್ಕನೆಂಬ ಹಾಡುಗಾರ್ತಿ ಇದ್ದಳು. ಸಾವಿನ ಮನೆಯಲ್ಲಿ ಹಾಡುವುದು ಅವಳ ಕಸುಬು. ಹೆಣದ ತಲೆಯ ಬಳಿ ಕುಳಿತು, ಹೋದವರ ಹೆಸರು ಹಿಡಿದು, ಅವರ ಗುಣ, ಅವರ ಹಟ, ಅವರ ನಗು ಎಲ್ಲವನ್ನೂ ಸೇರಿಸಿ ಆಗಿಂದಾಗಲೇ ಹಾಡು ಕಟ್ಟುತ್ತಿದ್ದಳು. ಒಂದು ಮನೆಯ ಹಾಡು ಇನ್ನೊಂದು ಮನೆಗೆ ಬರುತ್ತಿರಲಿಲ್ಲ. ಅರಮನೆಯ ಹಾಡುಗಾರರಿಗೂ ಆ ಶಕ್ತಿ ಇರಲಿಲ್ಲ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ.

ಆದರೆ ಆ ಊರಿನಲ್ಲಿ ಒಂದು ಪದ್ಧತಿ. ಸಾವಿನ ಮನೆಯಿಂದ ಹೊರಡುವವರು ಹೋಗಿಬರುತ್ತೇನೆ ಎನ್ನಬಾರದು, ಮನೆಯವರು ಮತ್ತೆ ಬಾ ಎನ್ನಬಾರದು. ಅಲ್ಲಿ ಕೇಳಿದ ಹಾಡನ್ನು ಹೊಗಳುವಂತಿಲ್ಲ, ಆಮೇಲೆ ಗುನುಗುವಂತೆಯೂ ಇಲ್ಲ. ಇನ್ನೊಮ್ಮೆ ಹಾಡು ಎಂದರೆ ಇನ್ನೊಂದು ಸಾವನ್ನು ಬೇಡಿದಂತೆ. ಹೀಗಾಗಿ ಹೂವಕ್ಕ ಹಾಡಿ ಮುಗಿಸಿದರೆ ಜನ ಬೇರೆ ಕಡೆ ನೋಡುತ್ತಿದ್ದರು. ಮದುವೆ ಮುಂಜಿಗಂತೂ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಹಾಡು ಚೆನ್ನಾಗಿದೆ ಎಂದು ಒಬ್ಬರ ಬಾಯಿಂದಲಾದರೂ ಕೇಳಬೇಕೆಂಬ ಆಸೆ ಅವಳಲ್ಲಿ ಹಾಗೆಯೇ ಉಳಿದಿತ್ತು.

ಒಮ್ಮೆ ಒಬ್ಬ ವ್ಯಾಪಾರಿಯ ಚಿಕ್ಕ ಮಗ ತೀರಿಕೊಂಡ. ತಾಯಿ ಅಳಲಿಲ್ಲ, ಮಾತಾಡಲಿಲ್ಲ, ನೀರು ಕೂಡ ಮುಟ್ಟಲಿಲ್ಲ. ಇವಳೂ ಉಳಿಯಲಾರಳು ಎಂದು ಹೆಂಗಸರು ಹೆದರಿದರು. ಹೂವಕ್ಕ ಬಂದಳು. ಊಟಕ್ಕೆ ಕರೆದರೆ ಹುಡುಗ ಕದದ ಹಿಂದೆ ಅಡಗುತ್ತಿದ್ದನೆಂದು ನೆರೆಯವರಿಂದ ಕೇಳಿ ತಿಳಿದು, ಅದನ್ನೇ ಹಾಡಿದಳು. ತಾಯಿ ಒಮ್ಮೆಲೇ ಅವಳ ಮಡಿಲಿಗೆ ಬಿದ್ದು ಗೋಳೋ ಎಂದು ಅತ್ತಳು. ಅತ್ತು ಅತ್ತು ಕೊನೆಗೆ ಹೂವಕ್ಕ ಹಿಡಿದ ಬಟ್ಟಲಿನಿಂದ ಒಂದು ಗುಟುಕು ನೀರು ಕುಡಿದಳು.

ಹೊರಡುವಾಗ ಹೂವಕ್ಕನಿಗೆ ತಡೆಯಲಾಗಲಿಲ್ಲ. "ಧಣ್ಯಾರ, ಹಾಡು ಚಂದ ಆತೇನ್ರಿ?" ಎಂದು ವ್ಯಾಪಾರಿಯನ್ನು ಕೇಳಿಯೇಬಿಟ್ಟಳು.

"ಬಿಡ್ತು ಅನ್ನು, ಹೂವಕ್ಕ! ಚಂದ ಆತು ಅಂದ್ರ ಮತ್ತ ನಮ್ಮನಿಗೆ ಬಾ ಅಂದಂಗ ಆಗತೈತಿ" ಎಂದು ಅವನು ಮುಖ ತಿರುಗಿಸಿದ. ಅವನು ಕೆಟ್ಟವನೇನಲ್ಲ. ಅವನಿಗೆ ಇನ್ನೊಂದು ಮಗುವಿತ್ತು.

ಹೂವಕ್ಕ ಬಿಡ್ತು ಎಂದು ತಲೆತಗ್ಗಿಸಿ ಹೋದಳು. ಮುಂದೆ ಯಾರನ್ನೂ ಕೇಳಲಿಲ್ಲ. ಹಾಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮುದುಕಿಯಾಗಿ ಒಂದು ದಿನ ಅವಳೂ ಸತ್ತಳು. ಊರು ಸೇರಿತು. ಹಾಡುವವರು ಯಾರು? ಹೆಣ ಎತ್ತುವ ಹೊತ್ತಾದರೂ ಅಂಗಳದಲ್ಲಿ ದನಿಯಿಲ್ಲ. ಆಗ ವ್ಯಾಪಾರಿಯ ಹೆಂಡತಿ ಅವಳ ತಲೆಯ ಬಳಿ ಕುಳಿತು, ತನ್ನ ಮಗನಿಗಾಗಿ ಹೂವಕ್ಕ ಕಟ್ಟಿದ ಹಾಡನ್ನು ಒಂದಕ್ಷರ ತಪ್ಪದೆ ಹಾಡಿದಳು. ಅವಳು ನಿಲ್ಲಿಸಿದಾಗ ಒಬ್ಬ ಕುಂಬಾರ ತನ್ನ ತಂದೆಯ ಹಾಡನ್ನು ಎತ್ತಿಕೊಂಡ. ಆಮೇಲೆ ಒಬ್ಬ ಸೊಸೆ ತನ್ನ ಅತ್ತೆಯ ಹಾಡನ್ನು. ಹೀಗೆ ಮನೆಮನೆಯ ಹಾಡೂ ಹೊರಬಂತು. ಎಲ್ಲ ಎದೆಯಲ್ಲಿತ್ತು, ಬಾಯಿಗೆ ತರಲು ಅಪ್ಪಣೆ ಇರಲಿಲ್ಲ ಅಷ್ಟೆ. ವ್ಯಾಪಾರಿ ಮೈಮರೆತು, "ಎಷ್ಟ ಚಂದ ಐತಿ, ಇನ್ನೊಮ್ಮೆ ಹಾಡ್ರಿ" ಎಂದುಬಿಟ್ಟ. ಯಾರೂ ಅವನಿಗೆ ಬಿಡ್ತು ಅನ್ನು ಎನ್ನಲಿಲ್ಲ.

ಪರಊರಿಂದ ಬಂದಿದ್ದವರು ಆ ಹಾಡುಗಳನ್ನು ತಮ್ಮೂರಿಗೆ ಒಯ್ದರು. ಈಗ ಆ ಸೀಮೆಯಲ್ಲಿ ಹೂವಕ್ಕನನ್ನು ನೆನೆಯದೆ ಯಾರೂ ಹಾಡಲು ಕೂರುವುದಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯ ಕಣ್ಣೊರೆಸಿಕೊಂಡ.

"ಆದರೂ ಇದು ಅನ್ಯಾಯ, ಗುರುಗಳೇ. ಚೆನ್ನಾಗಿದೆ ಎಂಬ ಒಂದು ಮಾತೂ ಅವಳನ್ನು ಮುಟ್ಟಲಿಲ್ಲವಲ್ಲ!"

"ಮಗೂ, ಆ ತಾಯಿ ನೀರು ಕುಡಿದದ್ದು ಯಾರ ಕೈಯಿಂದ?" ಎಂದರು ಗುರುಗಳು.