ಧಣಿ ಕೊಟ್ಟ ಕಂಪ್ಯೂಟರಿಗೆ ಬಿದ್ದ ಬೀಗ

"ಗುರುಗಳೇ, ಪರದೆಗೆ ತಾನಾಗಿಯೇ ಬೀಗ ಬೀಳುವಂತೆ ಮಾಡಿಟ್ಟರೆ ಜೊತೆಯವರಿಗೆ ಅವಮಾನವಲ್ಲವೇ? ಸಂಶಯ ಬರುವಂಥವರು ಬಂದಾಗ ಮಾತ್ರ ಮುಚ್ಚಿದರೆ ಸಾಲದೇ?" ಎಂದು ಶಿಷ್ಯ ಕೇಳಿದ.

ಊರಿನ ವಾಚನಾಲಯದಲ್ಲಿ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಕಲಿಸುತ್ತಿದ್ದ ಗುರುಗಳು ಹೇಳಿದರು:

ಒಂದು ಊರಿನಲ್ಲಿ ಕ್ಷಯರೋಗದ ಚಿಕಿತ್ಸಾಲಯವಿತ್ತು. ಅಲ್ಲಿ ಐರಿನ್ ಎಂಬ ದಾದಿ ಇದ್ದಳು. ಔಷಧಿಗೆ ಬರುವವರಲ್ಲಿ ಹೆಚ್ಚಿನವರು ಗೇರುಬೀಜದ ಕಾರ್ಖಾನೆಯ ಹೆಂಗಸರು. ಅವರ ವಿವರ ಬರೆದಿಡಲು ಕಾರ್ಖಾನೆಯ ಧಣಿಯೇ ಒಂದು ಲಿನಕ್ಸ್ ಕಂಪ್ಯೂಟರ್ ದಾನ ಕೊಟ್ಟಿದ್ದ. ವಾರಕ್ಕೊಮ್ಮೆ ಬಂದು ಎಲ್ಲರ ಕ್ಷೇಮ ವಿಚಾರಿಸಿ ಹೋಗುತ್ತಿದ್ದ.

ಒಂದು ದಿನ ಆ ಹೆಂಗಸರಲ್ಲಿ ಸುಂದರಿ ಎಂಬವಳು ಬಂದು, "ಸಿಸ್ಟರ್, ನನ್ನನ್ನು ಕೆಲಸದಿಂದ ತೆಗೆದರು. ನನ್ನ ಕಾಯಿಲೆಯ ವಿಷಯ ಧಣಿಗೆ ಹೇಳಿದ್ದು ಯಾರು?" ಎಂದಳು.

ಐರಿನ್ ಯಾರಿಗೂ ಹೇಳಿರಲಿಲ್ಲ. ಆದರೆ ಹಿಂದಿನ ವಾರ ಧಣಿಯನ್ನು ಪರದೆ ಆರಿದ್ದ ಕಂಪ್ಯೂಟರಿನ ಎದುರು ಕೂರಿಸಿ, ತಾನು ಮಾತ್ರೆ ಕೊಡಲು ಒಳಗೆ ಹೋಗಿದ್ದಳು. ಪರದೆ ಐದು ನಿಮಿಷಕ್ಕೆ ಆರುತ್ತಿತ್ತು. ಆರಿದರೆ ಮುಚ್ಚಿದಂತೆ ಎಂದೇ ಅವಳು ತಿಳಿದಿದ್ದಳು. ಈಗ ಮೌಸ್ ಅಲುಗಿಸಿ ನೋಡಿದಳು. ಏನನ್ನೂ ಕೇಳದೆ ರೋಗಿಗಳ ಪಟ್ಟಿ ತೆರೆದುಕೊಂಡಿತು.

ಅವಳಿಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ಸೆಟ್ಟಿಂಗ್ಸ್ ತೆರೆದು, ಒಂದು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ಆರಬೇಕು, ಆರಿದ ಕೂಡಲೇ ಬೀಗ ಬೀಳಬೇಕು ಎಂದು ಹೊಂದಿಸಿದಳು. ಕೈಕಟ್ಟಿ ಕುಳಿತು ಕಾದಳು. ಪರದೆ ಆರಿತು. ಮುಟ್ಟಿದರೆ ಪಾಸ್‌ವರ್ಡ್ ಕೇಳಿತು.

ಮುಂದಿನ ವಾರ ಧಣಿ ಬಂದ. ಬೀಗ ಕಂಡು, "ಇದು ಯಾರಿಗೆ? ನನಗೋ?" ಎಂದ.

"ಕುರ್ಚಿ ಬಿಟ್ಟು ಎದ್ದರೆ ನನಗೂ."

"ಕಂಪ್ಯೂಟರ್ ಕೊಟ್ಟವನು ನಾನು. ಪಾಸ್‌ವರ್ಡ್ ಹೇಳು."

"ಕಂಪ್ಯೂಟರ್ ನಿಮ್ಮದು, ಕಾಯಿಲೆ ಅವರದು. ಹೇಳುವುದಿಲ್ಲ."

"ಹಾಗಾದರೆ ಅದು ಇಲ್ಲಿರುವುದೇ ಬೇಡ. ನಾಳೆ ಆಳು ಕಳಿಸುತ್ತೇನೆ" ಎಂದು ಧಣಿ ಎದ್ದು ಹೋದ.

ಒಳಗಿನಿಂದ ವೈದ್ಯರು ಬಂದು, "ಸ್ವಲ್ಪ ತಗ್ಗಬಾರದಿತ್ತೇ ಐರಿನ್?" ಎಂದರು. ಅವಳು ತಗ್ಗಲಿಲ್ಲ. ಸಂಜೆಯವರೆಗೆ ಕೂತು ಎಲ್ಲರ ವಿವರವನ್ನೂ ಒಂದು ಪುಸ್ತಕಕ್ಕೆ ಇಳಿಸಿಕೊಂಡಳು. ಕಂಪ್ಯೂಟರಿನ ಡಿಸ್ಕನ್ನು ಪೂರ್ತಿ ಅಳಿಸಿದಳು. ಮರುದಿನ ಆಳು ಬಂದಾಗ ವೈರುಗಳನ್ನು ತಾನೇ ಕಳಚಿ ಕೊಟ್ಟಳು. ಪುಸ್ತಕವನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಸುಂದರಿಗೆ ಹೋದ ಕೆಲಸ ಮರಳಿ ಸಿಗಲಿಲ್ಲ. ಆದರೆ ಅವಳ ಗತಿ ಕಂಡು ಹೆದರಿ ಔಷಧಿ ಬಿಟ್ಟಿದ್ದ ಒಂಬತ್ತು ಹೆಂಗಸರು, ಕಂಪ್ಯೂಟರ್ ಹೋದ ಕಾರಣ ತಿಳಿದು ತಿರುಗಿ ಬಂದರು. ಎಲ್ಲರೂ ಮಾತ್ರೆ ಮುಗಿಸಿದರು. ಅವರಲ್ಲಿ ಯಾರ ಕೆಲಸವೂ ಹೋಗಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಒಂದು ವೇಳೆ ಆ ಧಣಿ ಒಳ್ಳೆಯವನೇ ಆಗಿದ್ದರೆ? ಅವನ ಮನಸ್ಸು ನೋಯುತ್ತಿರಲಿಲ್ಲವೇ?" ಎಂದ.

"ಒಳ್ಳೆಯವನಾಗಿದ್ದರೆ ಪಾಸ್‌ವರ್ಡ್ ಕೇಳುತ್ತಿರಲಿಲ್ಲ" ಎಂದರು ಗುರುಗಳು.