ಎಣಿಸದ ಆರು ದಿನ

ತೊಗರಿ ಗಿಡ ಬಿಟ್ಟ ಹೂವೆಲ್ಲ ಕಾಯಾಗುವುದಿಲ್ಲ. ಮುಕ್ಕಾಲು ಪಾಲು ನೆಲಕ್ಕೆ ಉದುರುತ್ತದೆ. ಯಾವ ದಿನ ಎಷ್ಟು ಉದುರುತ್ತದೆ, ಯಾಕೆ ಉದುರುತ್ತದೆ ಎಂದು ತಿಳಿಯಲು ನೀಲಾಂಬಿಕೆ ಎಂಬ ಹೆಣ್ಣುಮಗಳು ಒಂದು ಕೃಷಿ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಸೇರಿದಳು. ಸೇರುವಾಗ ಕಂಕುಳಲ್ಲಿ ಒಂದು ವರ್ಷದ ಮಗಳಿದ್ದಳು.

ಕೆಲಸ ಇಷ್ಟೇ. ಗಿಡಗಳ ಬುಡಕ್ಕೆ ಬಿಳಿ ಬಟ್ಟೆ ಹಾಸಬೇಕು. ದಿನಾ ಬೆಳಿಗ್ಗೆ ಎಂಟರೊಳಗೆ ಉದುರಿದ ಹೂ ಎಣಿಸಿ, ಪುಸ್ತಕದಲ್ಲಿ ಬರೆದು, ಬಟ್ಟೆ ಕೊಡವಬೇಕು. ತಡವಾದರೆ ಹೂವನ್ನು ಗಾಳಿ ಒಯ್ಯುತ್ತದೆ, ಇಲ್ಲವೇ ಇರುವೆ ಒಯ್ಯುತ್ತದೆ. ಹೂವಿನ ಕಾಲ ನಲವತ್ತು ದಿನ. ಹೀಗೆ ಮೂರು ವರ್ಷ, ಒಂದು ದಿನವೂ ತಪ್ಪುವಂತಿಲ್ಲ. ಕೇಳಲು ಸುಲಭ. ಆದರೆ ಸಣ್ಣ ಮಕ್ಕಳಿರುವ ಮನೆಯಲ್ಲಿ ಬೆಳಗಿನ ಎಂಟು ಗಂಟೆ ಹೇಗಿರುತ್ತದೆಂದು ಮಕ್ಕಳನ್ನು ಸಾಕಿದವರನ್ನು ಕೇಳಿ.

ಮೊದಲ ವರ್ಷ ಮಗಳನ್ನು ಹೊಲದ ಬದುವಿನ ಮೇಲೆ ಕೂರಿಸಿ ಎಣಿಸಿದಳು. ಎರಡನೆಯ ವರ್ಷ ಬಸುರಿ. ಬಗ್ಗಲಾರದೆ ನೆಲಕ್ಕೆ ಕುಳಿತು, ಕುಳಿತಲ್ಲೇ ಸರಿಯುತ್ತ ಎಣಿಸಿದಳು. ಮೂರನೆಯ ವರ್ಷ ಮನೆಯಲ್ಲಿ ಹತ್ತು ತಿಂಗಳ ಮಗ. ಗಂಡ ಮಹಾಂತೇಶ ಶಾಲಾ ಮಾಸ್ತರ. ಅವನೇ ಮಗನಿಗೆ ಗಂಜಿ ಉಣಿಸಿ, ಮಗಳಿಗೆ ಜಡೆ ಹಾಕಿ, ಹೆಂಡತಿ ಬಂದ ಮೇಲೆ ಶಾಲೆಗೆ ಓಡುತ್ತಿದ್ದ. ಇದೊಂದು ವರ್ಷ ತಡೆದುಕೊಳ್ಳಿ, ಮುಗಿಸಿಬಿಡುತ್ತೇನೆ ಎಂದು ಅವಳು ಅವನಿಗೆ ಮಾತು ಕೊಟ್ಟಿದ್ದಳು. ಅವಳ ಮಾರ್ಗದರ್ಶಕರಾದ ಹೂಲಿ ಮೇಷ್ಟ್ರು ಬರುವ ಜೂನ್‌ನಲ್ಲಿ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಮಹಾಪ್ರಬಂಧ ಒಪ್ಪಿಸದಿದ್ದರೆ ಹೊಸ ಮಾರ್ಗದರ್ಶಕರನ್ನು ಹುಡುಕಬೇಕು, ಎಲ್ಲವೂ ಹಿಂದೆ ಬೀಳುತ್ತದೆ.

ಮೂರನೆಯ ವರ್ಷದ ಹೂವು ತುಂಬಿ ನಿಂತಾಗ ಮಗನಿಗೆ ನ್ಯುಮೋನಿಯಾ ಆಯಿತು. ಆರು ದಿನ ಆಸ್ಪತ್ರೆ. ನಾಲ್ಕನೆಯ ದಿನ ಮಗು ಉಸಿರಿಗೆ ಒದ್ದಾಡಿತು. ಪುಟ್ಟ ಮೂಗಿಗೆ ಆಮ್ಲಜನಕದ ನಳಿಕೆ ಇಟ್ಟರು. ನೀಲಾಂಬಿಕೆ ಮಗುವಿನ ಅಂಗಾಲನ್ನು ಹಿಡಿದುಕೊಂಡು ಕುಳಿತವಳು ನೀರು ಕುಡಿಯಲೂ ಏಳಲಿಲ್ಲ. ಮಹಾಂತೇಶ ಮಗಳನ್ನು ಎತ್ತಿಕೊಂಡು ಮನೆಗೂ ಆಸ್ಪತ್ರೆಗೂ ಅಲೆದ. ತೊಗರಿಯ ನೆನಪು ಯಾರಿಗೂ ಬರಲಿಲ್ಲ.

ಮಗು ಉಳಿಯಿತು. ಅವಳು ಹೊಲಕ್ಕೆ ಹೋದಾಗ ಬಟ್ಟೆಯ ಮೇಲೆ ಹಳೆಯದು ಹೊಸದು ಸೇರಿ ಒಣಗಿದ ಹೂ ಬಿದ್ದಿತ್ತು. ಎಷ್ಟು ಹಾರಿಹೋಗಿತ್ತೋ ದೇವರೇ ಬಲ್ಲ. ಪುಸ್ತಕದಲ್ಲಿ ಆರು ಸಾಲು ಖಾಲಿ ಉಳಿದವು.

ಆ ಸಾಲು ತುಂಬುವುದು ಕಷ್ಟವೇನಲ್ಲ. ಹಿಂದಿನ ಎರಡು ವರ್ಷದ ಅಂಕಿ ಎದುರಿಗಿದ್ದವು. ಅವುಗಳ ನಡುವಿನದೊಂದು ಅಂಕಿ ಬರೆದರೆ ಎಂಥ ಪಂಡಿತನಿಗೂ ಗೊತ್ತಾಗುವುದಿಲ್ಲ. ಅವಳ ಬಾಡಿದ ಮುಖ ನೋಡಲಾರದೆ ಮಹಾಂತೇಶನೂ ಅದನ್ನೇ ಹೇಳಿದ.

“ನೀ ಏನು ಕಳುವು ಮಾಡೀಯೇನು? ಮಗೂನ್ನ ಹಿಡಕೊಂಡು ಕುಂತಿದ್ದಿ. ಸುಮ್ಮನ ತುಂಬಿಬಿಡು.”

ಅವಳು ಪೆನ್ಸಿಲಿನಲ್ಲಿ ತುಂಬಿದಳು. ಮರುದಿನ ಮಧ್ಯಾಹ್ನ ಮಕ್ಕಳು ಮಲಗಿದ್ದಾಗ ಆ ಅಂಕಿಗಳ ಮೇಲೆ ಶಾಯಿ ತಿದ್ದಲು ಕುಳಿತಳು. ತಿದ್ದುವ ಮೊದಲು ಒಮ್ಮೆ ಓದಿಕೊಳ್ಳುತ್ತ ನಾಲ್ಕನೆಯ ದಿನದ ಸಾಲಿಗೆ ಬಂದು ನಿಂತಳು. ಇನ್ನೂರ ಹನ್ನೆರಡು ಹೂ ಎಂದಿತ್ತು. ಆ ಬೆಳಿಗ್ಗೆ ಅವಳು ಹೊಲದಲ್ಲಿ ನಿಂತು ಇನ್ನೂರ ಹನ್ನೆರಡು ಹೂ ಎಣಿಸಿದಳು ಎಂದು ಆ ಸಾಲು ಹೇಳುತ್ತಿತ್ತು. ಮಗು ಉಸಿರಿಗೆ ಒದ್ದಾಡುವಾಗ ತಾಯಿ ಅಲ್ಲಿರಲಿಲ್ಲ ಎಂದೇ ಅದರ ಅರ್ಥವಲ್ಲವೇ? ಪೆನ್ನು ಕೆಳಗಿಟ್ಟು ಆರೂ ಅಂಕಿಗಳನ್ನು ಅಳಿಸಿದಳು. ಪಕ್ಕದಲ್ಲಿ ಬರೆದಳು: ಮಗು ಆಸ್ಪತ್ರೆಯಲ್ಲಿತ್ತು, ಎಣಿಕೆ ಮಾಡಿಲ್ಲ.

ಹೂಲಿ ಮೇಷ್ಟ್ರು ಪುಸ್ತಕದ ಆ ಪುಟವನ್ನು ಎರಡು ಸಲ ಓದಿದರು. ಕೆಟ್ಟವರಲ್ಲ, ಶಿಷ್ಯೆಯನ್ನು ದಡ ಸೇರಿಸಿ ಹೋಗಬೇಕೆಂದಿದ್ದವರು.

“ಮನಿ ಸುದ್ದಿ ಮಹಾಪ್ರಬಂಧದಾಗ ಬರಿಯಂಗಿಲ್ಲವ್ವಾ,” ಎಂದರು. “ಹಿಂಗ ಖಾಲಿ ಬಿಟ್ರ ಈ ವರ್ಷ ಲೆಕ್ಕಕ್ಕ ಬರಂಗಿಲ್ಲ. ಇನ್ನೊಂದು ವರ್ಷ ಎಣಿಸಬೇಕಾಗತೈತಿ. ನಾ ಇರಂಗಿಲ್ಲ. ವಿಚಾರ ಮಾಡು.”

“ಎಣಸ್ತೀನ್ರಿ ಸರ,” ಎಂದಳು ನೀಲಾಂಬಿಕೆ.

ಎಣಿಸಿದಳು. ಮೇಷ್ಟ್ರು ನಿವೃತ್ತರಾದರು. ಹೊಸ ಮಾರ್ಗದರ್ಶಕರಿಗೆ ಅವಳ ಅಧ್ಯಾಯ ಓದಲು ಪುರುಸೊತ್ತಿರಲಿಲ್ಲ. ಜೊತೆಗೆ ಸೇರಿದವರೆಲ್ಲ ಹೆಸರಿನ ಹಿಂದೆ ಡಾಕ್ಟರ್ ಹಾಕಿಕೊಂಡು ಕೆಲಸಕ್ಕೆ ಹೋದರು. ಇನ್ನೂ ಮುಗಿದಿಲ್ಲವೇ ಎಂದು ನೆಂಟರು ಸಿಕ್ಕಸಿಕ್ಕಲ್ಲಿ ಕೇಳಿದರು. ಮಹಾಂತೇಶ ಇನ್ನೊಂದು ವರ್ಷ ಮಗಳಿಗೆ ಜಡೆ ಹಾಕಿದ. ತಪ್ಪು ಮಾಡಿದೆನೇ ಎಂದು ಅವಳು ಎಷ್ಟೋ ಬೆಳಿಗ್ಗೆ ಹೂವಿನ ನಡುವೆ ಕುಳಿತು ಅತ್ತಳು.

ಕೊನೆಗೆ ಮೌಖಿಕ ಪರೀಕ್ಷೆಯ ದಿನ ಬಂತು. ಹೊರಗಿನಿಂದ ಬಂದ ಪರೀಕ್ಷಕಿ ಡಾಕ್ಟರ್ ಪ್ರಮೀಳಾ ದೇಸಾಯಿ ಬಲು ಬಿಗಿ ಎಂದು ಹೆಸರಾದವರು. ಹಿಂದಿನ ಸಾಲಿನಲ್ಲಿ ಮಹಾಂತೇಶ ಇಬ್ಬರು ಮಕ್ಕಳನ್ನು ಗದರದೆ ಗದರುತ್ತ ಕುಳಿತಿದ್ದ. ಪರೀಕ್ಷಕಿ ಹಾಳೆ ತಿರುವುತ್ತ ಒಂದು ಕಡೆ ನಿಂತರು. ನಾಲ್ಕು ವರ್ಷದ ಎಣಿಕೆಯಲ್ಲಿ ಈ ಆರು ದಿನ ಯಾಕೆ ಖಾಲಿ ಎಂದು ಕೇಳಿದರು. ನೀಲಾಂಬಿಕೆ ಇದ್ದದ್ದನ್ನು ಹೇಳಿದಳು. ಅವರು ಮತ್ತೇನೂ ಕೇಳದೆ ಸಹಿ ಹಾಕಿದರು.

ಎಲ್ಲ ಮುಗಿದ ಮೇಲೆ ಪರೀಕ್ಷಕಿ ಅವಳೊಬ್ಬಳನ್ನೇ ಪಡಸಾಲೆಗೆ ಕರೆದರು.

“ನಾ ಪಿಎಚ್.ಡಿ. ಮಾಡುವಾಗ ನನಗೂ ಎರಡು ಸಣ್ಣ ಮಕ್ಕಳಿದ್ದವು,” ಎಂದರು. “ಹನ್ನೊಂದು ದಿನ ನಾ ಹೊಲಕ್ಕ ಹೋಗಿದ್ದಿಲ್ಲ. ತುಂಬಿಬಿಟ್ಟೆ. ಯಾರಿಗೂ ಗೊತ್ತಾಗಲಿಲ್ಲ, ಪದಕಾನೂ ಬಂತು. ಆ ಮಹಾಪ್ರಬಂಧ ಮನ್ಯಾಗ ಕಪಾಟಿನ್ಯಾಗ ಐತಿ. ಮೂವತ್ತೊಂದು ವರ್ಷ ಆತು, ಒಮ್ಮೆನೂ ತಗದು ನೋಡಿಲ್ಲ.”

ನೀಲಾಂಬಿಕೆ ಅವರ ಕೈ ಹಿಡಿದುಕೊಂಡಳು. ಅವರು ಕೈ ಬಿಡಿಸಿಕೊಂಡು ನಡೆದುಬಿಟ್ಟರು.

ಒಳಗೆ ಮಗಳು ಮಹಾಪ್ರಬಂಧದ ದಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಇದರೊಳಗೆ ತಮ್ಮನ ಸುದ್ದಿ ಐತಂತಲ್ಲ, ಎಲ್ಲಿ ಎಂದು ಕೇಳಿದಳು. ನೀಲಾಂಬಿಕೆ ಆ ಪುಟ ತೆರೆದು, ಮಗಳ ಬೆರಳನ್ನು ಖಾಲಿ ಸಾಲುಗಳ ಮೇಲೆ ಇಟ್ಟಳು.

“ಇಲ್ಲಿ,” ಎಂದಳು.

ನೀತಿ: ಮಾಡಲಾಗದ್ದನ್ನು ಮಾಡಲಿಲ್ಲ ಎಂದೇ ಬರೆಯಿರಿ. ಮನೆಮಕ್ಕಳ ಸಲುವಾಗಿ ಬಿಟ್ಟುಹೋದ ಕೆಲಸಕ್ಕೆ ನಾಚಬೇಕಾಗಿಲ್ಲ. ಸುಳ್ಳು ತುಂಬಿ ಪಡೆದ ಪದವಿಯನ್ನು ಲೋಕ ಒಪ್ಪಿದರೂ, ಪಡೆದವರು ಅದನ್ನು ಕಣ್ಣೆತ್ತಿ ನೋಡಲಾರರು.